ಮೂತ್ರದ ಹಿಡಿತ ತಪ್ಪುವ ವ್ಯಾಧಿ: ಲಜ್ಜೆಯನ್ನು ಬದಿಗಿಟ್ಟು ಒಂದು ವಿಚಾರ

ಹೆಸರಿಲ್ಲದ ಕಾಗದಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಈ ಪತ್ರಿಕೆಯು ಮೊದಲಿನಿಂದಲೂ ಪಾಲಿಸಿಕೊಂಡು ಬಂದ ನಿಯಮವಾಗಿದೆ. ತನ್ನ ಹೆಸರನ್ನು ಹೇಳಲಂಜುವವನ ಮಾತಿಗೆ ಬೆಲೆಯೇನೆಂಬುದೇ ಆ ನಿಯಮದ ಹಿಂದಿರುವ ವಿಚಾರ. ಆದರೆ ಕಳೆದ ವಾರ ನಮ್ಮ ಕಚೇರಿಗೆ ಬಂದ ಒಂದು ಪತ್ರವನ್ನು ಓದಿದ ಮೇಲೆ, ಹೆಸರನ್ನು ಮರೆಮಾಡುವುದಕ್ಕೆ ಹೇಡಿತನವಲ್ಲದೆ ಬೇರೆ ಕಾರಣಗಳೂ ಇರಬಲ್ಲವೆಂಬುದು ನಮಗೆ ಮನದಟ್ಟಾಯಿತು. ಬರೆದವರು ಅರುವತ್ತು ದಾಟಿದ ಒಬ್ಬ ತಾಯಿ. ಬಹುಕಾಲ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಊರನ್ನು ಅವರು ತಿಳಿಸಿಲ್ಲ. ನಾವು ಊಹಿಸುವುದೂ ಇಲ್ಲ.

ನಾಲ್ಕು ವರ್ಷಗಳಿಂದ ಆ ತಾಯಿ ಒಂದು ಮದುವೆಗೂ ಹೋಗಿಲ್ಲ. ಪುರಾಣ ಪ್ರವಚನಗಳಲ್ಲಿ ಕುಳಿತಿಲ್ಲ. ಕೆಮ್ಮಿದರೆ, ಸೀನಿದರೆ, ನೀರಿನ ಕೊಡವನ್ನೆತ್ತಿದರೆ ಸೀರೆ ಒದ್ದೆಯಾಗುವುದು. ಈಚೆಗೆ ಒಂದು ವರ್ಷದಿಂದ ಬಚ್ಚಲಿಗೆ ಹೋಗಬೇಕೆಂಬ ಅವಸರ ಹುಟ್ಟಿತೆಂದರೆ ಬಾಗಿಲನ್ನು ಮುಟ್ಟುವಷ್ಟರೊಳಗಾಗಿ ತಡೆಯಲಾರದೆ ಹೋಗುವುದು. ನೆಂಟರಿಗೆಲ್ಲ ಮೊಣಕಾಲು ನೋವೆಂದು ನೆಪ ಹೇಳುತ್ತ ಬಂದಿದ್ದಾರೆ. ಪತಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಬರುವ ತಿಂಗಳು ಮಗಳ ಕೂಸಿಗೆ ತೊಟ್ಟಿಲಿಡುವ ಸಮಾರಂಭ. ಮೂರು ತಾಸಿನ ಬಸ್ಸಿನ ಪ್ರಯಾಣ. ಹಿಂದಿನ ದಿನ ಸಂಜೆಯಿಂದಲೇ ನೀರನ್ನು ಬಿಟ್ಟರೆ ಹೋಗಿಬರಬಹುದೇ ಎಂದು ಎಣಿಕೆ ಹಾಕುತ್ತಿರುವುದಾಗಿ ಬರೆದು, ಕೊನೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದ್ದಾರೆ: ಇದು ಮುಪ್ಪಿನ ಧರ್ಮವೇ ಅಥವಾ ರೋಗವೇ? ರೋಗವಾದರೆ ಯಾವ ರೋಗ? ಡಾಕ್ಟರರ ಬಳಿಗೆ ಹೋದರೆ ಅವರು ಏನು ಮಾಡುವರು?

ಈ ಮೂರು ಪ್ರಶ್ನೆಗಳು ಒಬ್ಬರವಲ್ಲ. ನಮ್ಮ ವಾಚಕರ ಮನೆಗಳಲ್ಲಿ ಇವನ್ನು ನುಂಗಿಕೊಂಡು ಕುಳಿತವರು ಅನೇಕರಿರಬೇಕೆಂಬುದರಲ್ಲಿ ಸಂದೇಹವಿಲ್ಲ. ಆದುದರಿಂದಲೇ, ರಾಜಕಾರಣಕ್ಕೂ ಬಜೆಟ್ಟಿಗೂ ಮೀಸಲಾದ ಈ ಪುಟದಲ್ಲಿ ಇಂದು ಮೂತ್ರದ ವಿಷಯವನ್ನು ಬರೆಯಲು ನಾವು ಹಿಂಜರಿಯುವುದಿಲ್ಲ. ನಾವು ವೈದ್ಯರಲ್ಲ, ಆದರೆ ಬಲ್ಲ ವೈದ್ಯರನ್ನು ಕೇಳಿ, ಓದಿ, ನಮ್ಮ ಮನೆಯಲ್ಲಿಯೇ ಪೆಟ್ಟು ತಿಂದು ತಿಳಿದುಕೊಂಡದ್ದನ್ನು ನಿವೇದಿಸುವೆವು.

ಮುಪ್ಪಿನ ಧರ್ಮವೇ?

ಮೊದಲನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಅಲ್ಲ. ವಯಸ್ಸಾದಂತೆ ಮೂತ್ರಕೋಶವು ಹಿಡಿಯುವ ಪ್ರಮಾಣ ಕೊಂಚ ಕುಗ್ಗುವುದು, ರಾತ್ರಿಯಲ್ಲಿ ಏಳಬೇಕಾಗುವುದು, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗುವುದು, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಮೂತ್ರದ್ವಾರದ ಸುತ್ತಣ ಚರ್ಮ ತೆಳುವಾಗುವುದು, ಇವೆಲ್ಲ ನಿಜ. ಇವುಗಳಿಂದ ಹಿಡಿತ ತಪ್ಪುವುದಕ್ಕೆ ದಾರಿ ಸುಲಭವಾಗುವುದು. ಆದರೆ ದಾರಿ ಸುಲಭವಾಗುವುದು ಬೇರೆ, ವ್ಯಾಧಿಯೇ ಬೇರೆ. ಎಂಬತ್ತು ದಾಟಿಯೂ ಹಿಡಿತ ತಪ್ಪದ ವೃದ್ಧರು ಎಷ್ಟೋ ಮಂದಿ ಇದ್ದಾರೆ. ನಲವತ್ತಕ್ಕೇ ಹಿಡಿತ ತಪ್ಪಿದ ತಾಯಂದಿರೂ ಇದ್ದಾರೆ. ಮುಪ್ಪು ಎಂಬ ಮಾತನ್ನು ಹೇಳಿ ಸುಮ್ಮನಾಗುವುದೆಂದರೆ ಕಾರಣವನ್ನು ಹುಡುಕಲೊಲ್ಲೆವೆಂದು ಹೇಳಿದಂತೆಯೇ ಸರಿ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮ್ಮಷ್ಟು ಲಜ್ಜೆಪಟ್ಟವರಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಚರಕಸಂಹಿತೆಯು ಸೂತ್ರಸ್ಥಾನದ ಏಳನೆಯ ಅಧ್ಯಾಯವನ್ನು, ತಡೆಹಿಡಿಯಬಾರದ ದೇಹವೇಗಗಳಿಗೆಂದೇ ಮೀಸಲಿಟ್ಟಿದೆ. ಅವುಗಳಲ್ಲಿ ಮೂತ್ರಕ್ಕೆ ಮೊದಲನೆಯ ಸ್ಥಾನ. ಸುಶ್ರುತಸಂಹಿತೆಯ ಉತ್ತರತಂತ್ರವು ಮೂತ್ರಾಘಾತದಲ್ಲಿ 12 ಬಗೆಗಳನ್ನು ಎಣಿಸಿ, ಒಂದೊಂದರ ಲಕ್ಷಣವನ್ನು ಬೇರೆ ಬೇರೆಯಾಗಿ ಹೇಳಿದೆ. ಅವರ ವಿಂಗಡಣೆ ಇಂದಿನದರೊಡನೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವುದೆಂದು ನಾವು ವಾದಿಸುವುದಿಲ್ಲ. ಅಂಥ ವಾದದಿಂದ ಯಾರಿಗೂ ಪ್ರಯೋಜನವಿಲ್ಲ. ನಾವು ಕಲಿಯಬೇಕಾದುದು ಅವರ ಕ್ರಮವನ್ನು: ಮೊದಲು ಬಗೆಯನ್ನು ಗುರುತಿಸು, ಆಮೇಲೆ ಮದ್ದನ್ನು ಹೇಳು.

ಕೆರೆಯೂ ತೂಬೂ

ಬಗೆಗಳನ್ನು ತಿಳಿಯುವ ಮುನ್ನ ಯಂತ್ರವನ್ನು ತಿಳಿಯಬೇಕು. ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ಮೂತ್ರವನ್ನು ಇಳಿಸುತ್ತಲೇ ಇರುತ್ತವೆ. ಅದು ಬಂದು ನಿಲ್ಲುವ ಕೆರೆಯೇ ಮೂತ್ರಕೋಶ. ಈ ಕೆರೆಯ ಗೋಡೆ ಮಾಂಸಖಂಡದಿಂದಾದದ್ದು, ತುಂಬಿದಂತೆಲ್ಲ ಹಿಗ್ಗತಕ್ಕದ್ದು. 150ರಿಂದ 200 ಮಿಲಿಲೀಟರು ತುಂಬಿದಾಗ ಮೊದಲ ಸೂಚನೆ ಬರುವುದು. ಆರೋಗ್ಯವಂತರು 400–500 ಮಿಲಿಲೀಟರಿನವರೆಗೆ ತಡೆದಿರಬಲ್ಲರು. ಕೆರೆಯ ತೂಬಿನ ಸ್ಥಾನದಲ್ಲಿ ಮೂತ್ರನಾಳವನ್ನು ಬಳಸಿ ಬಿಗಿದಿರುವ ಉಂಗುರದಂಥ ಮಾಂಸಖಂಡಗಳಿವೆ. ಅವುಗಳಿಗೆ ಆಧಾರವಾಗಿ ಸೊಂಟದ ಎಲುಬುಗಳ ನಡುವೆ ತೊಟ್ಟಿಲಿನಂತೆ ಹಾಸಿರುವ ಕಟಿತಳದ ಮಾಂಸಖಂಡಗಳಿವೆ.

ಕೆರೆ ತುಂಬುವಾಗ ಗೋಡೆ ಸಡಿಲವಾಗಿಯೂ ತೂಬು ಬಿಗಿಯಾಗಿಯೂ ಇರಬೇಕು. ವಿಸರ್ಜಿಸುವಾಗ ತೂಬು ಸಡಿಲಿ ಗೋಡೆ ಹಿಂಡಬೇಕು. ಈ ಎರಡು ಕಾರ್ಯಗಳನ್ನು ಒಂದಕ್ಕೊಂದು ಹೊಂದಿಸಿ ನಡೆಸುವ ನೀರುಗಂಟಿ ನಮ್ಮ ಮಿದುಳು. ಅದರ ಆಜ್ಞೆ ಬೆನ್ನುಹುರಿಯ ಮೂಲಕ ಇಳಿದು ಬರುವುದು. ಕೂಸಿಗೆ ಈ ಆಜ್ಞೆಯ ಶಕ್ತಿ ಇನ್ನೂ ಬಂದಿರುವುದಿಲ್ಲ. ಎರಡು ಮೂರು ವರ್ಷಗಳಲ್ಲಿ ಅದನ್ನು ಕಲಿಯುವುದು. ದೊಡ್ಡವರಲ್ಲಿ ಗೋಡೆ, ತೂಬು, ನರ, ಮಿದುಳು, ಕೊನೆಗೆ ಬಚ್ಚಲಿಗೆ ನಡೆದುಹೋಗುವ ಕಾಲು, ಇವುಗಳಲ್ಲಿ ಯಾವುದೊಂದು ಕೆಟ್ಟರೂ ಹೊರಗೆ ಕಾಣುವ ಫಲ ಒಂದೇ: ಬಟ್ಟೆ ಒದ್ದೆಯಾಗುವುದು. ಫಲ ಒಂದೇ ಆದುದರಿಂದ ರೋಗವೂ ಒಂದೇ ಎಂದು ಜನರು ಭ್ರಮಿಸುತ್ತಾರೆ. ಅನರ್ಥಕ್ಕೆಲ್ಲ ಮೂಲ ಈ ಭ್ರಮೆಯೇ.

ರೋಗವೊಂದಲ್ಲ, ಹಲವು

ಮೊದಲನೆಯದು ಒತ್ತಡದಿಂದ ಸೋರುವ ಬಗೆ. ಒತ್ತಡವೆಂದರೆ ಮನಸ್ಸಿನ ಚಿಂತೆಯಲ್ಲ; ಹೊಟ್ಟೆಯೊಳಗಣ ಒತ್ತಡ. ಕೆಮ್ಮು, ಸೀನು, ನಗು, ಭಾರವೆತ್ತುವುದು, ಇವುಗಳಿಂದ ಹೊಟ್ಟೆಯೊಳಗೆ ಒತ್ತಡವೇರಿದಾಗ ಸಡಿಲಾದ ತೂಬು ತಡೆಯಲಾರದೆ ಕೊಂಚ ಬಿಟ್ಟುಕೊಡುವುದು. ಹೆರಿಗೆಯಲ್ಲಿ ಕಟಿತಳದ ಮಾಂಸಖಂಡಗಳು ಹಿಗ್ಗಿ ಹರಿದುದು, ಮುಟ್ಟು ನಿಂತುದು, ಮೈ ಬೆಳೆದುದು, ಬಹುಕಾಲದ ಕೆಮ್ಮು, ಮಲಬದ್ಧತೆಯಿಂದ ದಿನದಿನವೂ ಮುಕ್ಕುವುದು ಇವು ಮುಖ್ಯ ಕಾರಣಗಳು. ಗಂಡಸರಲ್ಲಿ ಇದು ಕಡಿಮೆ. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಕ್ರಿಯೆಯಾದವರಲ್ಲಿ ಮಾತ್ರ ಕಾಣುವುದುಂಟು.

ಎರಡನೆಯದು ಅವಸರದ ಬಗೆ. ಇಲ್ಲಿ ತೂಬು ಸರಿಯಿದ್ದರೂ ಕೆರೆಯ ಗೋಡೆ ಆಜ್ಞೆಯಿಲ್ಲದೆ ತಾನೇ ಹಿಂಡುವುದು. ತಡೆಯಲಾರದ ಅವಸರ ಒಮ್ಮಿಂದೊಮ್ಮೆಲೇ ಹುಟ್ಟಿ, ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬಟ್ಟೆ ಒದ್ದೆಯಾಗುವುದು. ನಲ್ಲಿಯ ನೀರಿನ ಸಪ್ಪಳ ಕೇಳಿದರೆ, ಹೊರಗಿನಿಂದ ಬಂದು ಮನೆಯ ಬೀಗಕ್ಕೆ ಕೀಲಿಕೈ ಹಾಕಿದರೆ ಸಾಕು, ಅವಸರವೇಳುವುದೆಂದು ಇಂಥವರು ಹೇಳುವರು. ಹಗಲು ಪದೇ ಪದೇ ಹೋಗುವುದೂ ರಾತ್ರಿ ನಿದ್ರೆ ಕೆಡುವುದೂ ಇದರ ಜೊತೆಗಾರರು. ಪಾರ್ಶ್ವವಾಯು, ಪಾರ್ಕಿನ್‌ಸನ್ ರೋಗ ಮೊದಲಾದ ಮಿದುಳಿನ ವ್ಯಾಧಿಗಳು, ಮೂತ್ರಕೋಶದ ಸೋಂಕು, ಕಲ್ಲು, ಕೆಲವೊಮ್ಮೆ ಗೆಡ್ಡೆ ಇದಕ್ಕೆ ಕಾರಣವಾಗಬಹುದು; ಎಷ್ಟೋ ಸಲ ಹುಡುಕಿದರೂ ಕಾರಣ ದೊರೆಯುವುದಿಲ್ಲ. ಈ ಎರಡು ಬಗೆಗಳೂ ಒಬ್ಬರಲ್ಲಿಯೇ ಕೂಡಿಕೊಂಡಿರುವುದು ಅಪರೂಪವಲ್ಲ. ಅದಕ್ಕೆ ಮಿಶ್ರವೆಂದು ಹೆಸರು. ನಮಗೆ ಪತ್ರ ಬರೆದ ತಾಯಿಯ ವಿವರಣೆ ಈ ಮಿಶ್ರವನ್ನೇ ಹೋಲುತ್ತದೆ. ಆದರೆ ಅದನ್ನು ನಿರ್ಣಯಿಸತಕ್ಕವರು ಪರೀಕ್ಷಿಸಿದ ಡಾಕ್ಟರರು, ಪತ್ರಿಕೆಯ ಸಂಪಾದಕರಲ್ಲ.

ಮೂರನೆಯದು ಕೋಡಿ ಬೀಳುವ ಬಗೆ. ಇದನ್ನು ಕುರಿತು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ಮನೆಯಲ್ಲಿ ಆದ ತಪ್ಪು ಇದರಲ್ಲಿಯೇ.

ನಮ್ಮ ದೊಡ್ಡಪ್ಪನವರಿಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹಗಲೂ ರಾತ್ರಿಯೂ ಹನಿಹನಿಯಾಗಿ ಪಂಚೆ ಒದ್ದೆಯಾಗತೊಡಗಿತು. ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಅವರು ತಾವಾಗಿಯೇ ಬಿಟ್ಟರು. ವಯಸ್ಸಾಯಿತೆಂದು ಮನೆಯವರೆಲ್ಲರೂ ಹೇಳಿದೆವು; ಹಾಗೆ ಹೇಳಿದವರಲ್ಲಿ ನಾವೂ ಒಬ್ಬರು. ಕೊನೆಗೆ ಒಬ್ಬ ವೈದ್ಯರಲ್ಲಿಗೆ ಕರೆದೊಯ್ದಾಗ, ಅವರು ಹೊಟ್ಟೆಯನ್ನು ಮುಟ್ಟಿಯೂ ನೋಡದೆ, ಮೂತ್ರದ ಅವಸರವನ್ನು ಶಮನ ಮಾಡುವ ಗುಳಿಗೆಗಳನ್ನು ಬರೆದುಕೊಟ್ಟರು. ಮೂರನೆಯ ರಾತ್ರಿ ದೊಡ್ಡಪ್ಪನವರ ಕಿಬ್ಬೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಅವರು ನೋವಿನಿಂದ ಹೊರಳಾಡತೊಡಗಿದರು. ಆಸ್ಪತ್ರೆಯಲ್ಲಿ ನಳಿಗೆಯನ್ನು ಹಾಕಿದಾಗ ಒಂದು ಲೀಟರಿಗೂ ಮಿಕ್ಕಿ ಮೂತ್ರ ಹೊರಬಂದಿತು. ಪ್ರಾಸ್ಟೇಟ್ ಗ್ರಂಥಿ ಬೆಳೆದು ನಾಳವನ್ನು ಅದುಮಿದ್ದರಿಂದ ಕೆರೆ ಎಂದೂ ಬರಿದಾಗದೆ ತುಂಬಿ ತುಳುಕಿ, ಕೋಡಿಯ ನೀರು ಹನಿಯುತ್ತಿತ್ತು. ಸೋರುತ್ತದೆಂದು ನಾವು ತಿಳಿದಿದ್ದೆವು. ನಿಜವಾಗಿ ಅದು ಕಟ್ಟಿಕೊಂಡಿತ್ತು. ಕಟ್ಟಿದ ಕೆರೆಗೆ, ಗೋಡೆಯನ್ನು ಇನ್ನಷ್ಟು ಸಡಿಲಿಸುವ ಗುಳಿಗೆಯನ್ನು ನಾವೇ ಕೈಯಾರೆ ನುಂಗಿಸಿದ್ದೆವು. ಆ ವೇಳೆಗೆ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿತ್ತು. ಶಸ್ತ್ರಕ್ರಿಯೆಯಾಗಿ ಅವರು ಮತ್ತೆ ಪಂಕ್ತಿಯಲ್ಲಿ ಕುಳಿತು ಉಂಡರೆಂಬುದು ಸಮಾಧಾನ. ಒಂದು ವರ್ಷ ಮುಂಚೆಯೇ ಆಗಬೇಕಾಗಿದ್ದುದು ಆಗಲಿಲ್ಲವೆಂಬುದು ನಮ್ಮ ಪಶ್ಚಾತ್ತಾಪ.

ಕೋಡಿ ಬೀಳುವುದಕ್ಕೆ ಪ್ರಾಸ್ಟೇಟ್ ಒಂದೇ ಕಾರಣವಲ್ಲ. ನಾಳ ಕಿರಿದಾದುದು, ಹೆಂಗಸರಲ್ಲಿ ಗರ್ಭಕೋಶ ಜಾರಿ ನಾಳ ಮಡಿಚಿದುದು, ಬಹುಕಾಲದ ಸಕ್ಕರೆರೋಗದಿಂದ ನರಗಳು ಸತ್ತು ಗೋಡೆಯು ಹಿಂಡುವ ಶಕ್ತಿಯನ್ನು ಕಳೆದುಕೊಂಡುದು, ಬೆನ್ನುಹುರಿಗೆ ಬಿದ್ದ ಪೆಟ್ಟು, ಇವೂ ಕಾರಣಗಳೇ. ಸಣ್ಣ ಧಾರೆ, ಮುಕ್ಕಿ ಹೊಯ್ಯುವುದು, ಹೊಯ್ದ ಮೇಲೂ ಇನ್ನೂ ಉಳಿದಿದೆಯೆಂಬ ಭಾವನೆ, ಇವು ಇದರ ಗುರುತುಗಳು.

ನಾಲ್ಕನೆಯದರಲ್ಲಿ ಕೆರೆಯೂ ತೂಬೂ ಸರಿಯಿರುವುವು. ದಾರಿ ಮಾತ್ರ ದೂರ. ಮೊಣಕಾಲು ಹಿಡಿದವರು, ಕಣ್ಣು ಮಂಜಾದವರು, ಮರೆವಿನ ರೋಗದವರು ಸಕಾಲದಲ್ಲಿ ಬಚ್ಚಲನ್ನು ಮುಟ್ಟಲಾರದೆ ಹೋಗುವರು. ಹಿತ್ತಿಲಿನ ಕೊನೆಯಲ್ಲಿ, ದೀಪವಿಲ್ಲದ ಕಡೆ ಪಾಯಖಾನೆಯನ್ನು ಕಟ್ಟಿಸಿ, ಕುಕ್ಕರಗಾಲಿನಲ್ಲಿ ಕೂರಲಾರದ ಮುದುಕಿಗೆ ಅದನ್ನೇ ತೋರಿಸಿ, ಆಮೇಲೆ ಹಾಸಿಗೆಯನ್ನು ಕೆಡಿಸಿದಳೆಂದು ಆಡಿಕೊಳ್ಳುವ ಮನೆಗಳನ್ನು ನಾವು ಕಂಡಿದ್ದೇವೆ. ಅಲ್ಲಿ ಚಿಕಿತ್ಸೆ ಬೇಕಾದದ್ದು ಮುದುಕಿಗಲ್ಲ, ಮನೆಗೆ.

ಐದನೆಯದು ಏರಿಯೇ ತೂತುಬಿದ್ದ ಬಗೆ. ಬಹುಹೊತ್ತು ಅಡ್ಡಿಯಾಗಿ ನಿಂತ ಹೆರಿಗೆಯಿಂದಲೋ, ಕಿಬ್ಬೊಟ್ಟೆಯ ಶಸ್ತ್ರಕ್ರಿಯೆಯಿಂದಲೋ ಮೂತ್ರಕೋಶಕ್ಕೂ ಯೋನಿಗೂ ನಡುವೆ ರಂಧ್ರವಾದರೆ ಮೂತ್ರವು ಎಡೆಬಿಡದೆ ಹರಿಯುವುದು. ಇದರ ಶಸ್ತ್ರಚಿಕಿತ್ಸೆಯ ಇತಿಹಾಸ ಕಹಿಯಾದುದು. ಅಮೆರಿಕದ ಅಲಬಾಮ ಪ್ರಾಂತದಲ್ಲಿ ಜೆ. ಮೇರಿಯನ್ ಸಿಮ್ಸ್ ಎಂಬ ವೈದ್ಯನು 1840ರ ದಶಕದಲ್ಲಿ ಅನಾರ್ಕಾ, ಬೆಟ್ಸಿ, ಲೂಸಿ ಮೊದಲಾದ ಗುಲಾಮ ಸ್ತ್ರೀಯರ ಮೇಲೆ, ಅರಿವಳಿಕೆಯನ್ನು ಕೊಡದೆ, ಮೇಲಿಂದ ಮೇಲೆ ಶಸ್ತ್ರಪ್ರಯೋಗ ಮಾಡಿ ಹೊಲಿಯುವ ಕ್ರಮವನ್ನು ಸಾಧಿಸಿ, 1852ರಲ್ಲಿ ಅದನ್ನು ಪ್ರಕಟಿಸಿದನು. ಕೀರ್ತಿ ಅವನದಾಯಿತು, ನೋವು ಅವರದಾಯಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ಕೆಳಗಿಳಿಸಿದರು. ಅಷ್ಟು ಬೆಲೆ ತೆತ್ತು ಬಂದ ವಿದ್ಯೆಯಿರುವಾಗ, ಇಂಥ ರಂಧ್ರವನ್ನು ಮುಚ್ಚಿಟ್ಟುಕೊಂಡು ಮೂಲೆಯಲ್ಲಿ ಕೂರುವ ಗತಿ ಯಾವ ಸ್ತ್ರೀಗೂ ಇಂದು ಬರಬೇಕಾದದ್ದಿಲ್ಲ.

ಬಂದು ಹೋಗತಕ್ಕ ಕಾರಣಗಳು

ಈ ಐದು ಬಗೆಗಳಲ್ಲದೆ, ಕೆಲವು ದಿನಗಳ ಮಟ್ಟಿಗೆ ಬಂದು, ಕಾರಣ ಹೋದೊಡನೆ ಹೋಗತಕ್ಕ ಸೋರಿಕೆಯೂ ಉಂಟು. ಎಲ್ಲಕ್ಕಿಂತ ಮೊದಲು ಹುಡುಕತಕ್ಕದ್ದು ಇದನ್ನೇ. ಮೂತ್ರದ ಸೋಂಕು ಒಂದು. ಜ್ವರದಲ್ಲಿಯೋ ಆಸ್ಪತ್ರೆಯಲ್ಲಿಯೋ ಮುದುಕರಿಗೆ ಬರುವ ಮತಿಭ್ರಮೆ ಇನ್ನೊಂದು. ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಂಡ ಮಲವು ಮೂತ್ರಕೋಶವನ್ನು ಅದುಮುವುದು ಮತ್ತೊಂದು. ಹತೋಟಿಯಲ್ಲಿಲ್ಲದ ಸಕ್ಕರೆರೋಗದಿಂದ ಮೂತ್ರದ ಪ್ರಮಾಣವೇ ಹೆಚ್ಚುವುದುಂಟು. ಹಗಲೆಲ್ಲ ಕಾಲುಗಳಲ್ಲಿ ಬಾವಾಗಿ ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ರಾತ್ರಿಯ ಮೂತ್ರವಾಗುವುದೂ ಉಂಟು.

ಔಷಧಗಳದು ದೊಡ್ಡ ಪಾಲು. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ, ಮೂತ್ರವನ್ನು ಹೆಚ್ಚಿಸುವ ಗುಳಿಗೆ, ರಕ್ತದೊತ್ತಡದ ಕೆಲವು ಗುಳಿಗೆಗಳಿಂದ ಬರುವ ಒಣಕೆಮ್ಮು, ತೂಬನ್ನು ಸಡಿಲಿಸುವ ಬೇರೆ ಕೆಲವು, ನಿದ್ರೆಯ ಗುಳಿಗೆ, ನೆಗಡಿಗೆಂದು ಅಂಗಡಿಯಲ್ಲಿ ಕೊಳ್ಳುವ, ಮೂತ್ರವನ್ನು ಕಟ್ಟಿಹಾಕುವ ಗುಳಿಗೆ, ಇವುಗಳಲ್ಲಿ ಯಾವುದಾದರೂ ಒಂದು ಅಪರಾಧಿಯಾಗಿರಬಹುದು. ಆದರೆ ಈ ಲೇಖನವನ್ನು ಓದಿ ಯಾರೂ ತಾವಾಗಿಯೇ ಗುಳಿಗೆಯನ್ನು ಬಿಡತಕ್ಕದ್ದಲ್ಲ. ರಕ್ತದೊತ್ತಡದ ಔಷಧವನ್ನು ಬಿಟ್ಟು ಪಾರ್ಶ್ವವಾಯುವನ್ನು ಕರೆಯುವುದು ಜಾಣತನವಲ್ಲ. ಗುಳಿಗೆಯನ್ನು ಬರೆದ ಡಾಕ್ಟರರನ್ನೇ ಕೇಳಿ ಬದಲಿಸಿಕೊಳ್ಳಬೇಕು.

ಡಾಕ್ಟರರು ಏನು ಮಾಡುವರು?

ಮೂರನೆಯ ಪ್ರಶ್ನೆ ಇದು. ಭಯವೆಲ್ಲ ಅಡಗಿರುವುದೂ ಇಲ್ಲಿಯೇ. ಹೋದೊಡನೆ ಶಸ್ತ್ರಕ್ರಿಯೆ ಎನ್ನುವರೆಂದು ಜನರು ಅಂಜುವರು. ನಿಜವಾಗಿ ಪರೀಕ್ಷೆಯ ಮುಕ್ಕಾಲು ಪಾಲು ಕಾಗದ, ಪೆನ್ಸಿಲು, ಬಾಯಿಮಾತು ಇಷ್ಟರಲ್ಲಿಯೇ ಮುಗಿಯುವುದು.

ಮೊದಲನೆಯದು ವಿಚಾರಣೆ. ಯಾವಾಗಿನಿಂದ, ಎಷ್ಟು, ಕೆಮ್ಮಿದಾಗಲೋ ಅವಸರವಾದಾಗಲೋ ಅಥವಾ ತಿಳಿಯದೆಯೋ. ಎಷ್ಟು ಹೆರಿಗೆ, ಯಾವ ಶಸ್ತ್ರಕ್ರಿಯೆ, ಬೇರೆ ಯಾವ ಕಾಹಿಲೆ. ಮಲವಿಸರ್ಜನೆ ಸರಿಯಿದೆಯೇ ಇತ್ಯಾದಿ. ಎರಡನೆಯದು ಮೂತ್ರದ ದಿನಚರಿ. ಮೂರು ದಿನಗಳ ಕಾಲ, ಕುಡಿದ ನೀರು, ಚಹಾ, ಕಾಫಿ ಎಷ್ಟೆಂಬುದನ್ನೂ, ಎಷ್ಟು ಗಂಟೆಗೆ ಹೋದರೆಂಬುದನ್ನೂ, ಅಳತೆಯ ಪಾತ್ರೆಯಲ್ಲಿ ಹಿಡಿದು ಎಷ್ಟು ಹೊಯ್ದರೆಂಬುದನ್ನೂ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದರೆಂಬುದನ್ನೂ ಬರೆದಿಡುವುದು. ಈ ಒಂದು ಹಾಳೆಯಿಂದ ತಿಳಿಯುವಷ್ಟು ದೊಡ್ಡ ಯಂತ್ರಗಳಿಂದಲೂ ಎಷ್ಟೋ ಸಲ ತಿಳಿಯುವುದಿಲ್ಲ. ಪದೇ ಪದೇ ಸ್ವಲ್ಪ ಸ್ವಲ್ಪ ಹೋಗುವವರ ರೋಗ ಒಂದು. ಪ್ರತಿ ಸಲವೂ ತಂಬಿಗೆ ತುಂಬ ಹೋಗುವವರದು, ಅಂದರೆ ಹೆಚ್ಚು ಕುಡಿದವರದೋ ಸಕ್ಕರೆರೋಗದವರದೋ, ಬೇರೆಯೇ ಒಂದು.

ಮೂರನೆಯದು ಮೈಯ ಪರೀಕ್ಷೆ. ಕಿಬ್ಬೊಟ್ಟೆಯನ್ನು ಮುಟ್ಟಿ ಮೂತ್ರಕೋಶ ತುಂಬಿದೆಯೇ ಎಂದು ನೋಡುವರು. ನಮ್ಮ ದೊಡ್ಡಪ್ಪನವರಿಗೆ ಈ ಒಂದು ಕೆಲಸವನ್ನು ಮಾಡಿದ್ದರೆ ಸಾಕಾಗಿತ್ತು. ಮೂತ್ರಕೋಶ ತುಂಬಿರುವಾಗಲೇ ಕೆಮ್ಮಿಸಿ, ಸೋರುವುದೇ ಎಂದು ನೋಡುವರು. ಗಂಡಸರಲ್ಲಿ ಗುದದ್ವಾರದ ಮೂಲಕ ಪ್ರಾಸ್ಟೇಟನ್ನು, ಹೆಂಗಸರಲ್ಲಿ ಗರ್ಭಕೋಶ ಜಾರಿದೆಯೇ, ಕಟಿತಳದ ಬಿಗಿ ಎಷ್ಟಿದೆ ಎಂಬುದನ್ನು ಪರೀಕ್ಷಿಸುವರು. ಸ್ತ್ರೀಯರು ಮಹಿಳಾ ವೈದ್ಯರನ್ನೇ ಕೇಳಬಹುದು. ಜೊತೆಗೆ ಒಬ್ಬರನ್ನು ನಿಲ್ಲಿಸಿಕೊಳ್ಳಬಹುದು. ಅದು ಅವರ ಹಕ್ಕು. ಕಾಲುಗಳ ಬಲವನ್ನೂ, ಬಾವನ್ನೂ, ಸ್ಪರ್ಶಜ್ಞಾನವನ್ನೂ ನೋಡುವರು.

ನಾಲ್ಕನೆಯದು ಮೂತ್ರದ ಪರೀಕ್ಷೆ: ಸೋಂಕು, ರಕ್ತ, ಸಕ್ಕರೆ ಇವೆಯೇ ಎಂದು ತಿಳಿಯುವುದಕ್ಕೆ. ವೃದ್ಧರ ಮೂತ್ರದಲ್ಲಿ ಕ್ರಿಮಿಗಳು ಕಂಡ ಮಾತ್ರಕ್ಕೆ ಅವೇ ಸೋರಿಕೆಯ ಕಾರಣವೆಂದು ತಿಳಿಯಬಾರದು; ಉರಿ, ಜ್ವರ, ಹೊಸ ಅವಸರ ಇಲ್ಲದಿದ್ದರೆ ಅಂಥ ಕ್ರಿಮಿಗಳು ತೊಂದರೆ ಕೊಡದೆ ಇರಬಲ್ಲವು. ಐದನೆಯದು, ಮೂತ್ರ ಹೊಯ್ದ ಮೇಲೆ ಒಳಗೆ ಉಳಿದುದೆಷ್ಟೆಂಬ ಲೆಕ್ಕ. ಅಲ್ಟ್ರಾಸೌಂಡ್ ಯಂತ್ರವನ್ನು ಹೊಟ್ಟೆಯ ಮೇಲಿಟ್ಟರೆ ನೋವಿಲ್ಲದೆ ಕೆಲವು ನಿಮಿಷಗಳಲ್ಲಿ ತಿಳಿಯುವುದು. 50 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಕೆರೆ ಸರಿಯಾಗಿ ಬರಿದಾಗುತ್ತಿದೆಯೆಂದು ಅರ್ಥ. 200ಕ್ಕಿಂತ ಹೆಚ್ಚಿದ್ದರೆ ಬರಿದಾಗುತ್ತಿಲ್ಲವೆಂದು ಅರ್ಥ. ಕೋಡಿ ಬೀಳುವ ಬಗೆಯ ಸಂದೇಹವಿದ್ದವರಿಗೆ, ಮುಖ್ಯವಾಗಿ ವೃದ್ಧ ಪುರುಷರಿಗೆ, ಅವಸರವನ್ನು ಶಮನ ಮಾಡುವ ಗುಳಿಗೆಯನ್ನು ಕೊಡುವುದಕ್ಕೆ ಮುಂಚೆ ಈ ಲೆಕ್ಕ ಆಗಲೇಬೇಕು.

ನಳಿಗೆ ಹಾಕಿ ಮೂತ್ರಕೋಶದ ಒತ್ತಡವನ್ನು ಅಳೆಯುವ ದೊಡ್ಡ ಪರೀಕ್ಷೆ, ದುರ್ಬೀನಿನಿಂದ ಒಳಗನ್ನು ನೋಡುವ ಪರೀಕ್ಷೆ ಇವು ಎಲ್ಲರಿಗೂ ಬೇಕಾದವಲ್ಲ. ಮೊದಲ ಚಿಕಿತ್ಸೆಗೆ ಬಗ್ಗದವರಿಗೆ, ರೋಗದ ಬಗೆ ಸ್ಪಷ್ಟವಾಗದವರಿಗೆ, ಕೆಲವೊಮ್ಮೆ ಶಸ್ತ್ರಕ್ರಿಯೆಗೆ ಮುಂಚೆ ಅವುಗಳ ಅವಶ್ಯಕತೆ ಬೀಳುವುದು.

ಕೆಲವು ಚಿಹ್ನೆಗಳು ಕಂಡಾಗ ಮಾತ್ರ ತಡಮಾಡಲೇಕೂಡದು. ಮೂತ್ರದಲ್ಲಿ ರಕ್ತ ಕಾಣುವುದು. ಒಮ್ಮೆಗೇ ಮೂತ್ರ ಕಟ್ಟಿ ಹೊಟ್ಟೆ ಉಬ್ಬುವುದು. ಶಸ್ತ್ರಕ್ರಿಯೆಯ ಅಥವಾ ಹೆರಿಗೆಯ ತರುವಾಯ ಎಡೆಬಿಡದೆ ಸೋರುವುದು. ಇವು ಬಂದರೆ ಕೂಡಲೆ ತಜ್ಞರನ್ನು ಕಾಣಬೇಕು. ಬೆನ್ನುನೋವಿನ ಜೊತೆಗೆ ಕಾಲುಗಳ ಬಲಗುಂದಿ, ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶ ತಿಳಿಯದಂತಾಗಿ ಮೂತ್ರದ ಹಿಡಿತ ತಪ್ಪಿದರಂತೂ ಅದೇ ದಿನ ಆಸ್ಪತ್ರೆಯನ್ನು ಸೇರಬೇಕು. ಬೆನ್ನುಹುರಿಯ ಕೆಳತುದಿಯ ನರಗಳು ಅದುಮಲ್ಪಟ್ಟಿರುವ ಗುರುತು ಅದು, ಮತ್ತು ತಾಸುಗಳ ವಿಳಂಬವೂ ಅಲ್ಲಿ ಅಂಗವೈಕಲ್ಯವನ್ನು ತರಬಲ್ಲದು.

ಬಗೆಗೆ ತಕ್ಕ ಮದ್ದು

ಬಗೆ ತಿಳಿದ ಮೇಲೆ ದಾರಿ ಕಷ್ಟವಾದುದಲ್ಲ. ಒತ್ತಡದ ಬಗೆಗೆ ಮೊದಲ ಮದ್ದು ವ್ಯಾಯಾಮ. ಅಮೆರಿಕದ ಆರ್ನಾಲ್ಡ್ ಕೀಗಲ್ ಎಂಬ ವೈದ್ಯರು 1948ರಲ್ಲಿ ಕಟಿತಳದ ಮಾಂಸಖಂಡಗಳ ವ್ಯಾಯಾಮವನ್ನು ಕುರಿತು ಬರೆದರು. ಮೂತ್ರವನ್ನೂ ವಾಯುವನ್ನೂ ತಡೆಯುವಾಗ ಒಳಗೆ ಮೇಲಕ್ಕೆಳೆದುಕೊಳ್ಳುವಂತೆ, ಉಸಿರನ್ನು ಕಟ್ಟದೆ, ಕೆಲವು ಸೆಕೆಂಡು ಬಿಗಿಹಿಡಿದು ಬಿಡುವುದು. ಒಂದು ಸಲಕ್ಕೆ ಎಂಟು ಹತ್ತರಂತೆ, ದಿನಕ್ಕೆ ಮೂರು ಸಲ, ಮೂರು ತಿಂಗಳಾದರೂ ಬಿಡದೆ ಮಾಡುವುದು. ಕಾಸು ಖರ್ಚಿಲ್ಲ, ಜಪಕ್ಕೆ ಕುಳಿತಲ್ಲಿಯೂ ಮಾಡಬಹುದು. ಮೈ ಭಾರವನ್ನು ಇಳಿಸಿಕೊಂಡರೆ ಗುಣ ಹೆಚ್ಚು. ಇಷ್ಟಕ್ಕೂ ಬಗ್ಗದಿದ್ದರೆ ಶಸ್ತ್ರಕ್ರಿಯೆಯುಂಟು. ಅವಸರದ ಬಗೆಗೆ, ಹೋಗುವ ಹೊತ್ತನ್ನು ಗೊತ್ತುಮಾಡಿಕೊಂಡು ನಡುವಣ ಅಂತರವನ್ನು ಮೆಲ್ಲಮೆಲ್ಲನೆ ಹೆಚ್ಚಿಸುವ ಅಭ್ಯಾಸ, ಕಾಫಿ ಚಹಾಗಳ ಮಿತಿ, ಆಮೇಲೆ ಔಷಧ. ಆ ಔಷಧಗಳಲ್ಲಿ ಕೆಲವು ಬಾಯಿ ಒಣಗಿಸುವುದಲ್ಲದೆ ವೃದ್ಧರ ಬುದ್ಧಿಯನ್ನು ಮಂಕಾಗಿಸಬಲ್ಲವಾದುದರಿಂದ ಎಚ್ಚರಿಕೆ ಬೇಕು. ಕೋಡಿಯ ಬಗೆಗೆ ಅಡ್ಡಿಯನ್ನು ತೆಗೆಯುವುದು; ದಾರಿ ದೂರವಾದವರಿಗೆ ಮಂಚದ ಬಳಿ ಪಾತ್ರೆ, ದೀಪ, ಹಿಡಿಕೆ, ಕೂರುವುದಕ್ಕೆ ಎತ್ತರದ ಪೀಠ.

ನೀರನ್ನು ಬಿಡುವುದು ಯಾವ ಬಗೆಗೂ ಮದ್ದಲ್ಲ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುವುದು, ಮಲ ಕಟ್ಟುವುದು, ಸೋಂಕಿಗೂ ದಾರಿಯಾಗುವುದು. ಮಲಗುವ ಮುಂಚಿನ ಎರಡು ಮೂರು ತಾಸು ಮಿತವಾಗಿ ಕುಡಿದರೆ ಸಾಕು.

ನಮ್ಮೆಲ್ಲರ ಕರ್ತವ್ಯ

ಹೀಗಿರಲು, ಇಷ್ಟು ದಿನ ಈ ವ್ಯಾಧಿಯನ್ನು ಬೆಳೆಸಿದವರು ಯಾರು? ಕೇಳದ ವೈದ್ಯರು, ಹೇಳದ ರೋಗಿಗಳು, ಮೂಗು ಮುರಿಯುವ ಮನೆಯವರು. ರಕ್ತದೊತ್ತಡವನ್ನು ನೋಡಿಸಿಕೊಳ್ಳಲು ಬಂದ ಪ್ರತಿಯೊಬ್ಬ ವೃದ್ಧರನ್ನೂ ವೈದ್ಯರು ಒಂದು ಮಾತು ಹೆಚ್ಚಾಗಿ ಕೇಳಲಿ: ಮೂತ್ರ ತಡೆಯಲು ತೊಂದರೆಯುಂಟೇ? ಕೇಳಿದರೆ ಹೇಳುವರು; ಕೇಳದಿದ್ದರೆ ಸಾಯುವವರೆಗೂ ಹೇಳರು. ಮಕ್ಕಳು ಸೊಸೆಯರು ತಿಳಿಯಲಿ: ಹಾಸಿಗೆ ಒದ್ದೆಯಾದದ್ದು ಹಿರಿಯರ ಸೋಮಾರಿತನವಲ್ಲ. ನಗರಸಭೆಗಳೂ ಸಾರಿಗೆಯವರೂ ಕೂಡ ಕಿವಿಗೊಡಲಿ. ನೀರೂ ಬಾಗಿಲ ಅಗುಳಿಯೂ ಇಲ್ಲದ ಬಸ್ ನಿಲ್ದಾಣದ ಶೌಚಾಲಯವೆಂದರೆ, ಅರ್ಧದಷ್ಟು ಪ್ರಜೆಗಳಿಗೆ ಮನೆಯಿಂದ ಹೊರಡಬೇಡಿರೆಂದು ಹಾಕಿದ ಅಪ್ಪಣೆಯೇ ಆಗಿದೆ. ಯಾರ ಸ್ವಾತಂತ್ರ್ಯವು ಮನೆಯ ಬಚ್ಚಲಿನ ಹತ್ತು ಮಾರಿನೊಳಗೆ ಮುಗಿಯುವುದೋ ಅವರ ಪಾಲಿಗೆ ಉಳಿದ ಸ್ವಾತಂತ್ರ್ಯಗಳ ಮಾತು ಬರಿಯ ಭಾಷಣವಾಗಿ ಉಳಿಯುವುದು.

ಇನ್ನು ನಮಗೆ ಪತ್ರ ಬರೆದ ತಾಯಿಗೆ ಎರಡು ಮಾತು. ಅಮ್ಮಾ, ತಾವು ಬಹುಕಾಲ ಮಕ್ಕಳಿಂದ ಕಾಪಿ ಬರೆಯಿಸಿದವರು. ಈಗ ಮೂರು ದಿನ ತಾವೇ ಒಂದು ಹಾಳೆಯಲ್ಲಿ ಬರೆಯಿರಿ: ಕುಡಿದದ್ದೆಷ್ಟು, ಹೋದದ್ದೆಷ್ಟು, ಸೋರಿದ್ದು ಯಾವಾಗ. ತಾವು ತೆಗೆದುಕೊಳ್ಳುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿರಿ. ಆ ಹಾಳೆಯನ್ನೂ ಆ ಚೀಲವನ್ನೂ ಹಿಡಿದು ಹತ್ತಿರದ ಸರ್ಕಾರಿ ಆಸ್ಪತ್ರೆಯ ಮಹಿಳಾ ವೈದ್ಯರ ಬಳಿಗೆ ಹೋಗಿರಿ. ಬಾಯಿ ಬಿಟ್ಟು ಹೇಳಲು ನಾಚಿಕೆಯಾದರೆ ಹಾಳೆಯನ್ನು ಅವರ ಮುಂದಿಡಿರಿ, ಅದೇ ಮಾತಾಡುವುದು. ಒಂದು ತಿಂಗಳಲ್ಲಿ ಪೂರ್ತಿ ಗುಣವಾಗುವುದೆಂದು ನಾವು ಭರವಸೆ ಕೊಡಲಾರೆವು. ಆದರೆ ತೊಟ್ಟಿಲಿನ ದಿನಕ್ಕೆ ಬಟ್ಟೆಯೊಳಗೆ ಇಟ್ಟುಕೊಳ್ಳುವ ಪ್ಯಾಡನ್ನು ಧರಿಸಿ, ಬಸ್ಸು ಹತ್ತುವ ಮುಂಚೆ ಒಮ್ಮೆ ಹೋಗಿ, ನೀರನ್ನು ಕುಡಿದೇ ಹೊರಡಿರಿ. ಮಗಳಿಗೆ ನಿಜವನ್ನು ಹೇಳಿರಿ. ಆಕೆಯೂ ಈಗ ತಾಯಿ. ನಿಮ್ಮ ಮಾತು ಆಕೆಗೆ ಅರ್ಥವಾಗುವುದು, ಮತ್ತು ಹೆರಿಗೆಯಾದ ಈ ತಿಂಗಳುಗಳಲ್ಲಿಯೇ ಆ ವ್ಯಾಯಾಮವನ್ನು ಆಕೆಯೂ ಕಲಿತರೆ ಮುಂದೆ ಇಂಥದೊಂದು ಪತ್ರವನ್ನು ಬರೆಯುವ ಪ್ರಸಂಗ ಆಕೆಗೆ ಬಾರದಿರಬಹುದು.